ಖಂಡೇನವಮಿಗೆ ಬಂದ್ ಆದ ಲ್ಯಾಪ್‌ಟಾಪು

ಸೆಪ್ಟೆಂಬರ್ ಹನ್ನೆರಡರಿಂದ ಅಕ್ಟೋಬರ್ ಒಂದರ ಬೆಳಿಗ್ಗೆಯವರೆಗೆ, ಹತ್ತೊಂಬತ್ತು ದಿನ, ನಮ್ಮ ಮನೆಯಲ್ಲಿ ಒಂದು ಲ್ಯಾಪ್‌ಟಾಪನ್ನು ಯಾರೂ ಬಂದ್ ಮಾಡಲಿಲ್ಲ. ಅದು ಅಡುಗೆಮನೆಯ ಪಕ್ಕದ ಸಣ್ಣ ಮೇಜಿನ ಮೇಲೆ ಬಾಯಿ ತೆರೆದುಕೊಂಡೇ ಇತ್ತು. ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಪವರ್ ಬಟನ್ನಿನ ಪಕ್ಕದಲ್ಲಿ ಅವ್ವ ಒಂದು ಹಳದಿ ಚೀಟಿ ಅಂಟಿಸಿದ್ದಳು: ‘ದಯವಿಟ್ಟು ಬಂದ್ ಮಾಡಬೇಡಿ. ಮುಚ್ಚಲೂ ಬೇಡಿ.’ ಚೀಟಿ ಕನ್ನಡದಲ್ಲಿದ್ದರೆ ಸಾಕಾಗಿತ್ತು. ಅಪ್ಪ ಟ್ರಕ್ ಓಡಿಸುತ್ತಾನೆ, ಹಬ್ಬದ ವಾರ ವಿನಿಪೆಗ್ ಕಡೆಗೆ ಹೋಗಿದ್ದ. ಮನೆಯಲ್ಲಿ ಇದ್ದವರು ಅವ್ವ, ಅಪ್ಪನ ತಾಯಿ ದಾನವ್ವ ಅಜ್ಜಿ, ಮತ್ತು ಶಾಲೆ ಬಿಟ್ಟಿದ್ದ ಮಗಳು, ನಾನು.

ಅವ್ವನ ಹೆಸರು ದೀಪಶ್ರೀ. ಬೈಲಹೊಂಗಲದವಳು. ಧಾರವಾಡದ ಒಂದು ಪಾಲಿಟೆಕ್ನಿಕ್‌ನಲ್ಲಿ ನಾಲ್ಕು ವರ್ಷ ಕಂಪ್ಯೂಟರ್ ಕಲಿಸಿದ್ದಳು. ಈ ಪರದೇಶಕ್ಕೆ ಬಂದ ಮೇಲೆ ಒಂಬತ್ತು ವರ್ಷ ಆ ಓದು ಯಾವ ಕೆಲಸಕ್ಕೂ ಬರಲಿಲ್ಲ. ಮೊದಲು ಒಂದು ಸ್ಯಾಂಡ್‌ವಿಚ್ ಅಂಗಡಿ, ಆಮೇಲೆ ಮಾರ್ಕಂನ ಒಂದು ಗೋದಾಮಿನಲ್ಲಿ ಶಾಂಪೂ ಬಾಟಲಿಗಳ ಪ್ಯಾಕಿಂಗು. ನಂತರ ಎರಡು ವರ್ಷ ಸಂಜೆ ಕಾಲೇಜಿಗೆ ಹೋಗಿ ಮತ್ತೆ ಕಲಿತಳು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಕಳೆದ ಏಪ್ರಿಲ್ ಮೂರರಂದು, ಔಷಧಿ ವಿಮೆಯ ಲೆಕ್ಕ ನೋಡುವ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮನೆಯಿಂದಲೇ ಮಾಡುವ ಕೆಲಸ. ಆರು ತಿಂಗಳು ಪರೀಕ್ಷೆಯ ಅವಧಿ. ಅಕ್ಟೋಬರ್ ಮೂರಕ್ಕೆ ಕಾಯಂ ಮಾಡುವುದೋ ಬಿಡುವುದೋ ಹೇಳುತ್ತಾರೆ.

ಅವಳ ಬಗ್ಗೆ ಇನ್ನೊಂದು ಸಂಗತಿ ಮೊದಲೇ ಹೇಳಬೇಕು. ಅವ್ವನಿಗೆ ಹೇಸಿಗೆ ಬಹಳ. ಕೊಳೆ ಕಂಡರೆ ಎಲ್ಲರಿಗೂ ಆಗುವಂಥದ್ದಲ್ಲ ಅದು. ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಒಂದು ಬೆಳಿಗ್ಗೆ, ಮೊನ್ನೆ ಹೆಚ್ಚಿಟ್ಟ ಟೊಮೆಟೊ ಡಬ್ಬಿಗಳ ಮೇಲೆ ಇವತ್ತಿನ ತಾರೀಖಿನ ಸ್ಟಿಕ್ಕರ್ ಅಂಟಿಸು ಎಂದು ಮೇಲಿನವನು ಹೇಳಿದನಂತೆ. ಅವಳು ಏಪ್ರನ್ ಬಿಚ್ಚಿಟ್ಟು ಮಧ್ಯಾಹ್ನವೇ ಮನೆಗೆ ಬಂದಳು. ಆಮೇಲೆ ಒಂದು ವಾರ ನಮ್ಮ ಮನೆಯ ಸಾರಿನಲ್ಲಿ ಟೊಮೆಟೊ ಇರಲಿಲ್ಲ. ಟೊಮೆಟೊ ಕೊಳೆತಿರಲಿಲ್ಲ, ತಿನ್ನುವಂತೆಯೇ ಇತ್ತು, ಸ್ಟಿಕ್ಕರ್ ಹೊಲಸು ಅನಿಸಿತು ಎಂದು ಅವಳೇ ಹೇಳಿದ್ದು.

ಹೊಸ ಕೆಲಸದ ತೊಂದರೆ ಏನೆಂದು ನನಗೆ ಅರ್ಥವಾದಷ್ಟು ಹೇಳುತ್ತೇನೆ. ತಪ್ಪಿರಬಾರದೆಂದು ಅವ್ವನಿಗೆ ಓದಿ ಹೇಳಿದ್ದೇನೆ.

ಕಂಪನಿಯ ಲ್ಯಾಪ್‌ಟಾಪಿನಲ್ಲಿ ಇರುವುದು ವಿಂಡೋಸ್. ಅವಳ ಪ್ರೋಗ್ರಾಮುಗಳು ಓಡುವುದು ಲಿನಕ್ಸಿನಲ್ಲಿ. ಅದಕ್ಕಾಗಿ ವಿಂಡೋಸಿನ ಒಳಗೇ ಒಂದು ಲಿನಕ್ಸ್ ಇಟ್ಟಿರುತ್ತಾರೆ, ಮನೆಯೊಳಗೆ ಬಾಡಿಗೆಗೆ ಕೊಟ್ಟ ಬೇಸ್‌ಮೆಂಟಿನ ಹಾಗೆ. ಆ ಬೇಸ್‌ಮೆಂಟಿಗೆ ತನ್ನದೇ ಒಂದು ವಿಳಾಸ ಬೇಕು. ಲ್ಯಾಪ್‌ಟಾಪ್ ಬಂದ್ ಮಾಡಿ ಮತ್ತೆ ಹಚ್ಚಿದಾಗಲೆಲ್ಲ ಅದು ಒಂದು ಹೊಸ ನಂಬರನ್ನು ತಾನೇ ಹಿಡಿದುಕೊಳ್ಳುತ್ತದೆ. ಇನ್ನು ವಿಪಿಎನ್ ಎಂದರೆ ಮನೆಯಿಂದ ಕಂಪನಿಗೆ ಹಾಕಿದ ಸುರಂಗ. ಎಲ್ಲವನ್ನೂ ಸುರಂಗದಲ್ಲೇ ಕಳಿಸಿದರೆ ಅದು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಕಂಪನಿಯ ವಿಳಾಸಗಳಿಗೆ ಹೋಗುವುದು ಮಾತ್ರ ಸುರಂಗಕ್ಕೆ, ಉಳಿದದ್ದು ಬಯಲ ರಸ್ತೆಗೆ ಎಂದು ಎರಡು ಭಾಗ ಮಾಡಿದ್ದಾರೆ. ಯಾವ ನಂಬರು ಸುರಂಗಕ್ಕೆ ಎಂದು ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿ 172.16ರಿಂದ 172.23ರವರೆಗಿನ ನಂಬರುಗಳೆಲ್ಲ ಇದ್ದವು. ಲಿನಕ್ಸ್ ತನಗಾಗಿ ಹಿಡಿಯುತ್ತಿದ್ದ ನಂಬರು 172.16ರಿಂದ 172.31ರ ಒಳಗಿನದು. ಹದಿನಾರರಿಂದ ಇಪ್ಪತ್ತಮೂರರ ಒಳಗೆ ಬಿದ್ದರೆ ಆ ದಿನ ಕೆಟ್ಟಿತು: ಬೇಸ್‌ಮೆಂಟಿಗೆ ಇಳಿಯಬೇಕಾದ ಉತ್ತರಗಳು ಸುರಂಗ ಹೊಕ್ಕು ಕಂಪನಿಯ ಆಫೀಸಿರುವ ಮಿಸಿಸಾಗಾ ಕಡೆ ಹೋಗಿ ಎಲ್ಲೋ ಕಳೆದುಹೋಗುತ್ತಿದ್ದವು. ಇಪ್ಪತ್ತನಾಲ್ಕರ ಮೇಲೆ ಬಿದ್ದರೆ ಎಲ್ಲ ಸರಿ.

ಇಷ್ಟು ತಿಳಿಯಲು ಅವಳಿಗೆ ಎರಡು ತಿಂಗಳು ಹಿಡಿಯಿತು. ತರಬೇತಿ ಮುಗಿದು ಜುಲೈಯಲ್ಲಿ ಸ್ವಂತ ಕೆಲಸ ಕೊಟ್ಟ ಮೊದಲ ವಾರವೇ ಲಿನಕ್ಸ್ ಹೊರಗಿನ ಯಾವುದನ್ನೂ ಮುಟ್ಟದೆ ಕುಳಿತಿತು. ಹೆಲ್ಪ್‌ಡೆಸ್ಕಿಗೆ ದೂರು ಬರೆದಳು. ರೀಸ್ಟಾರ್ಟ್ ಮಾಡಿ ಎಂದರು. ಮಾಡಿದಳು, ನಡೆಯಿತು. ‘ಪರಿಹರಿಸಲಾಗಿದೆ’ ಎಂದು ದೂರನ್ನು ಮುಚ್ಚಿ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದರು. ಮಾರನೆಯ ದಿನ ಮತ್ತೆ ಅದೇ. ಮತ್ತೆ ರೀಸ್ಟಾರ್ಟ್, ಮತ್ತೆ ನಕ್ಷತ್ರ. ನಾಲ್ಕನೆಯ ಸಲ, ನಿಮ್ಮ ಮನೆಯ ವೈಫೈ ಸರಿಯಿಲ್ಲ ಎಂದು ಬರೆದು ಮುಚ್ಚಿದರು. ಆ ಮಾತು ಅವಳ ಕಡತದಲ್ಲಿ ಸೇರಿತು. ತಂಡದಲ್ಲಿ ಏಳು ಜನ, ದೂರು ಅವಳೊಬ್ಬಳದೇ.

ಅವ್ವ ಮೂವತ್ತೊಂದು ದಿನ ಬೆಳಿಗ್ಗೆ ಲಿನಕ್ಸ್ ಹಿಡಿದ ನಂಬರನ್ನೂ, ಅವತ್ತು ಕೆಲಸ ನಡೆಯಿತೋ ಇಲ್ಲವೋ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದಳು. ಹಾಳೆ ತುಂಬಿದ ದಿನ ಕಾರಣ ಕಣ್ಣಿಗೆ ಕಂಡಿತು. ಎರಡು ದಿನ ಕೂತು ಹನ್ನೊಂದು ಸಾಲಿನ ಒಂದು ಪತ್ರ ಬರೆದಳು. ಹದಿನಾರರಿಂದ ಇಪ್ಪತ್ತಮೂರು ಪಟ್ಟಿಯಲ್ಲಿದೆ, ಇಪ್ಪತ್ತನಾಲ್ಕರಿಂದ ಮೂವತ್ತೊಂದು ಪಟ್ಟಿಯಲ್ಲಿಲ್ಲ, ತೊಂದರೆಗೆ ಇದೇ ಕಾರಣ ಎಂದು. ನೆಟ್‌ವರ್ಕ್ ವಿಭಾಗಕ್ಕೆ ಕಳಿಸಿದ್ದೇವೆ ಎಂಬ ಉತ್ತರ ಬಂತು. ಆಮೇಲೆ ಸದ್ದಿಲ್ಲ.

ಉಳಿದವರಿಗೆ ಹೇಗೆ ನಡೆಯುತ್ತದೆ ಎಂದು ಅವಳು ಪ್ರಮೋದನನ್ನು ಕೇಳಿದಳು. ಪ್ರಮೋದ ತಂಡದ ಲೀಡ್. ಹುಬ್ಬಳ್ಳಿಯವನು, ಅಪ್ಪನಿಗೆ ಹಳೆಯ ಪರಿಚಯ, ಅವ್ವ ಅವನಿಗೆ ಅತ್ತಿಗೆಯಂತೆ, ವೈನಿ. ರಿಚ್ಮಂಡ್ ಹಿಲ್‌ನಲ್ಲಿ ಮನೆ. ಅವ್ವನ ಹೆಸರನ್ನು ಕಂಪನಿಗೆ ಹೇಳಿ ಕೆಲಸ ಕೊಡಿಸಿದವನೂ ಅವನೇ. ಫೋನಿನಲ್ಲಿ ಹೇಳುವುದು ಬೇಡ, ಬಂದು ತೋರಿಸುತ್ತೇನೆ ಎಂದು ಸೆಪ್ಟೆಂಬರ್ ಏಳರ ಭಾನುವಾರ ಬಂದ. ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದಳು. ಪ್ರಮೋದ ಚಹಾ ಕುಡಿಯುತ್ತ ತನ್ನ ಸ್ವಂತ ಲ್ಯಾಪ್‌ಟಾಪ್ ತೆರೆದ.

“ವೈನಿ, ನೀವು ಆ ಸುರಂಗದಾಗ ಯಾಕ ಸಿಕ್ಕೊಂಡೀರಿ? ಡೇಟಾ ಒಮ್ಮೆ ಡೌನ್‌ಲೋಡ್ ಮಾಡ್ಕೊಂಡು ಮನಿ ಮಷಿನ್‌ನ್ಯಾಗ ಓಡಿಸ್ರಿ. ವಿಪಿಎನ್ನ ಬ್ಯಾಡ.”

“ಅದು ಮಂದಿ ಔಷಧಿ ಲಿಸ್ಟ್ ಐತಿ, ಪ್ರಮೋದ.”

“ಯಾರು ನೋಡ್ತಾರ್ರಿ? ಎರಡು ವರ್ಷ ಆತು, ಟೀಮಿನ್ಯಾಗ ಎಲ್ಲಾರೂ ಹಿಂಗ ಮಾಡೂದು. ನಮ್ಮ ಹುಡುಗ ಗೇಮ್ ಆಡೂ ಮಷಿನ್ ಐತೆಲ್ಲ, ಅದರಾಗ ಅರವತ್ತು ಸಾವಿರ ಮಂದಿ ಕುಂತಾರ. ಅದೂ ಭಾಳ ಫಾಸ್ಟ್.”

ಅವನು ನಗುತ್ತಿದ್ದ. ಅವ್ವ ನಗಲಿಲ್ಲ. ಅವಳಿಗೆ ನಂಬಿಕೆ ಬಂದಿಲ್ಲ ಎಂದುಕೊಂಡನೋ ಏನೋ, ಒಂದು ಹೆಸರು ಒತ್ತಿ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯ ಹೆಸರು. ಅವರನ್ನು ಇಲ್ಲಿ ಸತೀಶ ಎಂದು ಕರೆಯುತ್ತೇನೆ, ಅದು ಅವರ ನಿಜವಾದ ಹೆಸರಲ್ಲ. ರಾಜ್ಯೋತ್ಸವಕ್ಕೆ ಕುರ್ಚಿ ಹೊರುವವರು ಅವರು. ಶನಿವಾರದ ತರಗತಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವರೂ ಅವರೇ. ನನಗೆ ಅಕ್ಷರ ತಿದ್ದಿಸಿದ್ದು ಅವರ ಕೈ.

“ನೋಡ್ರಿ, ಸೆಕ್ರೆಟರಿ ಸಾಹೇಬ್ರು,” ಎಂದ ಪ್ರಮೋದ. “ಸ್ಟೇಜ್ ಮ್ಯಾಲೆ ಎಷ್ಟ್ ನಗ್ತಾರ. ಇಲ್ಲಿ ನೋಡಿದ್ರ ಬ್ಯಾರೆನ ಕತಿ ಐತಿ. ಯಾವ ಗುಳಿಗಿ ತಗೋತಾರ ನೋಡ್ರಿ, ಅದೂ ಎಷ್ಟು ವರ್ಷದಿಂದ.”

ಗುಳಿಗೆಯ ಹೆಸರು ಕಣ್ಣಿಗೆ ಬಿದ್ದೇಬಿಟ್ಟಿತು. ನಾನು ಅದನ್ನು ಬರೆಯುವುದಿಲ್ಲ.

“ಮುಚ್ಚು ಅದನ್ನ,” ಎಂದಳು ಅವ್ವ. ಅವನಿಗೆ ಅವಳು ಯಾವತ್ತೂ ಏಕವಚನ ಬಳಸಿದ್ದಿಲ್ಲ.

ಪ್ರಮೋದ ಇನ್ನೂ ಐದು ನಿಮಿಷ ಕೂತ. ನೀವು ಇಷ್ಟು ಹೆದರಿದರೆ ಈ ದೇಶದಲ್ಲಿ ಮೇಲೆ ಬರುವುದು ಕಷ್ಟ ಎಂದು ಬುದ್ಧಿ ಹೇಳಿ ಹೊರಟುಹೋದ. ಅವ್ವ ಅವನು ಕುಡಿದ ಕಪ್ಪನ್ನು ಎರಡು ಸಲ ಸೋಪು ಹಚ್ಚಿ ತೊಳೆದಳು. ಮೂರನೆಯ ಸಲವೂ ತೊಳೆದು, ಒರೆಸಿ, ಗ್ಯಾರೇಜಿನ ಕಸದ ಡಬ್ಬಿಯಲ್ಲಿ ಹಾಕಿದಳು. ಒಳ್ಳೆಯ ಕಪ್ಪು ಅದು, ಆರರ ಸೆಟ್ಟಿನದು. ಸಂಜೆ ಅವಳು ಊಟ ಮಾಡಲಿಲ್ಲ.

ಆದರೆ ಅವಳು ಯಾರಿಗೂ ಹೇಳಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಕೆಲಸ ಕೊಡಿಸಿದವನು, ಮನೆಯವರಂತೆ ಬಂದು ಹೋಗುವವನು. ಕಾಯಂ ಆಗಲು ಇನ್ನು ನಾಲ್ಕೇ ವಾರ ಇತ್ತು. ತನ್ನ ಕೆಲಸವನ್ನು ತಾನು ಸ್ವಚ್ಛವಾಗಿ ಮಾಡಿದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡ ಮೇಲೆ ಅವಳಿಗೆ ತನ್ನ ಮೇಲೂ ಹೇಸಿಗೆ ಹುಟ್ಟಿತು. ಅಜ್ಜಿ ಏನಾದರೂ ಕೇಳಿದರೆ ಸಿಡುಕುತ್ತಿದ್ದಳು, ಆಮೇಲೆ ಹೋಗಿ ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು.

ಸೆಪ್ಟೆಂಬರ್ ಹನ್ನೆರಡರ ಬೆಳಿಗ್ಗೆ ಲಿನಕ್ಸ್ 172.27 ಹಿಡಿಯಿತು. ಒಳ್ಳೆಯ ನಂಬರು. ಅವತ್ತಿನಿಂದ ಅವಳು ಲ್ಯಾಪ್‌ಟಾಪನ್ನು ಬಂದ್ ಮಾಡಲೇ ಇಲ್ಲ. ಕಂಪನಿಯ ಅಪ್‌ಡೇಟುಗಳು ಬಂದು ರೀಸ್ಟಾರ್ಟ್ ಕೇಳಿದಾಗಲೆಲ್ಲ ‘ಆಮೇಲೆ’ ಎಂದು ಒತ್ತಿದಳು. ಅಕ್ಟೋಬರ್ ಎರಡರ ಮಧ್ಯಾಹ್ನ ಎರಡು ಗಂಟೆಗೆ ಅವಳು ಮೂರು ತಿಂಗಳ ವರದಿಯನ್ನು ಮ್ಯಾನೇಜರ್ ಉಷಾ ಅವರ ಕಣ್ಣೆದುರು ಓಡಿಸಿ ತೋರಿಸಬೇಕಿತ್ತು. ಅದರ ಮೇಲೆ ಮೂರನೆಯ ತಾರೀಖಿನ ತೀರ್ಮಾನ. ಅಲ್ಲಿಯವರೆಗೆ ಆ ನಂಬರು ಉಳಿದರೆ ಸಾಕಿತ್ತು. ಇಷ್ಟು ದೊಡ್ಡ ಕಂಪನಿಯಲ್ಲಿ ಒಬ್ಬ ಹೆಂಗಸಿನ ಅನ್ನ ಒಂದು ಯಂತ್ರ ನಿದ್ದೆಹೋಗದಿರುವುದರ ಮೇಲೆ ನಿಂತಿದೆಯಲ್ಲ ಎಂದು ನೆನೆದರೆ ನನಗೆ ಈಗಲೂ ಅಸಹ್ಯವಾಗುತ್ತದೆ.

ಅಕ್ಟೋಬರ್ ಒಂದು, ಬುಧವಾರ, ಖಂಡೇನವಮಿ, ಅಂದರೆ ಆಯುಧಪೂಜೆ. ಇಲ್ಲಿ ರಜೆ ಇಲ್ಲ. ಆದರೂ ದಾನವ್ವ ಅಜ್ಜಿ ಬೆಳಿಗ್ಗೆ ಐದಕ್ಕೆ ಎದ್ದು, ಲಿಂಗಪೂಜೆ ಮುಗಿಸಿ, ಮನೆಯ ಆಯುಧಗಳನ್ನೆಲ್ಲ ಒಂದೆಡೆ ಸೇರಿಸಿದಳು. ಈಳಿಗೆ, ಹೊಲಿಗೆ ಯಂತ್ರ, ಅಪ್ಪನ ಪಾನಾಗಳು, ಕಾರಿನ ಕೀಲಿ, ಗ್ಯಾರೇಜಿನಿಂದ ಹಿಮ ಎತ್ತುವ ಸಲಿಕೆ. ಎಲ್ಲಕ್ಕೂ ಮೂರು ಬೆರಳ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂವು. ಅವ್ವ ಕೆಲಸ ಶುರುಮಾಡುವ ಮೊದಲು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ನಾನು ಮೇಲಿದ್ದೆ. ಕೆಳಗೆ ಬಂದಾಗ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿತ್ತು, ಅದರ ಮೇಲೆ ವಿಭೂತಿ ಇತ್ತು. ಪಕ್ಕದಲ್ಲಿ ಅಜ್ಜಿ ಕೈಮುಗಿದು ನಿಂತಿದ್ದಳು. ಮುಚ್ಚುವ ಮೊದಲು, ತನ್ನ ಫೋನನ್ನು ಬಂದ್ ಮಾಡುವಂತೆಯೇ ಅವಳು ಬಟನ್ನನ್ನು ಬಹಳ ಹೊತ್ತು ಒತ್ತಿ ಹಿಡಿದಿದ್ದಳು.

ಅವ್ವ ಕೈಯಲ್ಲಿ ಹೂರಣ ಹಿಡಿದುಕೊಂಡೇ ಬಂದಳು.

“ಚೀಟಿ ಓದಿದ್ರೇನ ಅತ್ತಿ?”

“ಓದಿದ್ನೆವ್ವ. ಅದು ಬ್ಯಾರೆ ದಿನಕ್ಕ ಅಂತ ತಿಳಕೊಂಡ್ನಿ. ಇವತ್ತ ಖಂಡೇನವಮಿ ಅಲ್ಲ? ನಮ್ಮ ಹಿಟ್ಟಿನ ಗಿರಣಿ ಇದ್ದಾಗ ನಿಮ್ಮ ಮಾವಾರು ಇವತ್ತ ಪಟ್ಟಾ ಬಿಚ್ಚಿ ಇಡ್ತಿದ್ರು, ಮಂದಿ ಸಾಲಿಗೆ ನಿಂತ್ರೂ ಹಚ್ತಿದ್ದಿಲ್ಲ. ಪಾಪ, ಇದು ಹತ್ತೊಂಬತ್ತು ದಿನದಿಂದ ದುಡೀಲಿಕ್ಕತ್ತೇತಿ. ಒಂದು ತಾಸರ ಮಲಗಲಿ ಅಂದ್ನಿ.”

ಅಜ್ಜಿ ಲ್ಯಾಪ್‌ಟಾಪಿನ ದಿನಗಳನ್ನು ನಮ್ಮಷ್ಟೇ ಸರಿಯಾಗಿ ಎಣಿಸಿದ್ದಳು. ಅವ್ವ ಕೈ ತೊಳೆದು ಬಂದು ಕೂತಳು. ಬಟನ್ ಒತ್ತಿದಳು. ಹತ್ತೊಂಬತ್ತು ದಿನ ತಳ್ಳಿದ್ದ ಅಪ್‌ಡೇಟುಗಳೆಲ್ಲ ಒಂದಾಗಿ ಇಳಿಯತೊಡಗಿದವು. ನಲವತ್ತು ನಿಮಿಷ ಪರದೆಯ ಮೇಲೆ ಚುಕ್ಕೆಗಳು ಸುತ್ತಿದವು. ಆಮೇಲೆ ಲಿನಕ್ಸ್ 172.29 ಹಿಡಿಯಿತು. ನಾನು ಉಸಿರು ಬಿಟ್ಟೆ. ಆದರೆ ಅದು ಹೊರಗೆ ಹೋಗಲಿಲ್ಲ. ಮತ್ತೆ ರೀಸ್ಟಾರ್ಟ್: 25. ಹೋಗಲಿಲ್ಲ. ಮತ್ತೆ: 18. ಮತ್ತೆ: 30.

ಅವ್ವ ಸುರಂಗದ ಪಟ್ಟಿ ತೆಗೆದು ನೋಡಿದಳು. ಅಪ್‌ಡೇಟಿನ ಜೊತೆ ಬಂದಿದ್ದ ಹೊಸ ಪಟ್ಟಿಯಲ್ಲಿ ಹದಿನಾರರಿಂದ ಮೂವತ್ತೊಂದರವರೆಗೆ ಎಲ್ಲ ನಂಬರುಗಳೂ ಇದ್ದವು. ಒಳ್ಳೆಯ ನಂಬರು ಎಂಬುದೇ ಉಳಿದಿರಲಿಲ್ಲ. ಅವಳು ಹಳೆಯ ದೂರನ್ನು ಹುಡುಕಿ ತೆರೆದಳು. ಅವಳ ಹನ್ನೊಂದು ಸಾಲಿನ ಪತ್ರದ ಕೆಳಗೆ ಯಾರೋ ಉತ್ತರ ಬರೆದಿದ್ದರು: ‘ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ನಂಬರುಗಳನ್ನು ಸೇರಿಸಲಾಗಿದೆ. ಪರಿಹರಿಸಲಾಗಿದೆ.’ ಕೆಳಗೆ ಐದು ಖಾಲಿ ನಕ್ಷತ್ರ. ಇಪ್ಪತ್ತನಾಲ್ಕರಿಂದ ಮೂವತ್ತೊಂದು ಪಟ್ಟಿಯಲ್ಲಿಲ್ಲ ಎಂಬ ಸಾಲೊಂದನ್ನೇ ಓದಿ, ಅದೇ ಕೊರತೆ ಎಂದುಕೊಂಡು, ಉಳಿದಿದ್ದ ಅರ್ಧವನ್ನೂ ಸುರಂಗಕ್ಕೆ ದೂಡಿದ್ದರು. ಅವಳ ಪತ್ರವೇ ಅವಳ ದಾರಿ ಮುಚ್ಚಿತ್ತು.

ಅಜ್ಜಿ ಅಷ್ಟರಲ್ಲಿ ತಾನೇನೋ ಕೆಡಿಸಿದೆನೆಂದು ತಿಳಿದು ಮೂಲೆಯ ಕುರ್ಚಿಯಲ್ಲಿ ಸಣ್ಣಗಾಗಿ ಕೂತಿದ್ದಳು. ಅವ್ವ ಎದ್ದು ಹೋಗಿ ಅವಳ ಪಕ್ಕ ನಿಂತಳು.

“ನೀವೇನೂ ಮಾಡಿಲ್ರಿ ಅತ್ತಿ. ನಾಳಿ ನಾನ ಬಂದ್ ಮಾಡಿದ್ರೂ ಇದ ಆಗ್ತಿತ್ತು. ಹೊಲಸ ಅಲ್ಲಿ ಕಂಪನ್ಯಾಗ ಐತಿ, ನಿಮ್ಮ ಕೈಯಾಗಿಲ್ಲ.”

ಮೂರು ಗಂಟೆಗೆ ಪ್ರಮೋದನ ಫೋನ್ ಬಂತು. ಅವನಿಗೂ ಅಪ್‌ಡೇಟ್ ಬಂದಿತ್ತು, ಅವ್ವನ ಗತಿ ಏನೆಂದು ಅವನಿಗೆ ಗೊತ್ತಾಗಿತ್ತು. ನಾನೇ ಮನೆಯ ಮಷಿನ್ನಿನಲ್ಲಿ ವರದಿ ಓಡಿಸಿ ಫೈಲ್ ಕಳಿಸುತ್ತೇನೆ, ನಿಮ್ಮ ಹೆಸರಲ್ಲಿ ತೋರಿಸಿ, ಉಷಾಗೆ ತಿಳಿಯುವುದಿಲ್ಲ ಎಂದ. ಅವ್ವ ಬೇಡ ಎಂದಷ್ಟೇ ಹೇಳಿ ಇಟ್ಟಳು. ಆಮೇಲೆ ಉಷಾ ಅವರಿಗೆ ಬರೆದಳು: ನಾಳೆ ನಾನೇ ಆಫೀಸಿಗೆ ಬಂದು ಅಲ್ಲಿಂದ ಓಡಿಸುತ್ತೇನೆ, ಒಂದು ದಿನದ ಪಾಸ್ ಕೊಡಿ. ಆಫೀಸಿನ ಒಳಗೆ ಸುರಂಗವೇ ಬೇಕಾಗಿಲ್ಲ. ಪಾಸ್ ಕೊಟ್ಟರು.

ಆಫೀಸು ಮಿಸಿಸಾಗಾದಲ್ಲಿ, ಸ್ಟ್ರೀಟ್ಸ್‌ವಿಲ್ ಹತ್ತಿರ, ನಗರದ ಆ ತುದಿಗೆ. ನಮ್ಮ ಮನೆ ಈ ತುದಿಯ ಸ್ಟೌಫ್‌ವಿಲ್‌ನಲ್ಲಿ. ಅವ್ವ ಹೈವೇಯಲ್ಲಿ ಕಾರು ಓಡಿಸುವುದಿಲ್ಲ. ಗುರುವಾರ ಬೆಳಿಗ್ಗೆ ಐದೂ ಐವತ್ತಕ್ಕೆ ಮನೆ ಬಿಟ್ಟಳು. ಟ್ರೇನಿನಲ್ಲಿ ಯೂನಿಯನ್ ಸ್ಟೇಷನ್. ಅಲ್ಲಿಂದ ಬೆಳಿಗ್ಗೆ ಆ ಕಡೆಗೆ ಟ್ರೇನಿಲ್ಲ, ಒಂದು ಬಸ್ಸು, ಆಮೇಲೆ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಒಂಬತ್ತೂ ನಲವತ್ತಕ್ಕೆ ಮುಟ್ಟಿದಳು. ಕಂಪನಿಯ ವೈರು ಸಿಕ್ಕಿಸಿದ ಕೂಡಲೇ ಎಲ್ಲವೂ ನಡೆಯಿತು. ಎರಡು ಗಂಟೆಗೆ ಉಷಾ ಅವರ ಎದುರು ವರದಿ ಓಡಿಸಿದಳು, ಮೂವತ್ತೈದು ನಿಮಿಷಕ್ಕೆ ಮುಗಿಯಿತು. ಹಿಂದಿನ ಮೂರು ವರದಿಗಳಲ್ಲಿ ಉಳಿದುಕೊಂಡು ಬಂದಿದ್ದ ಒಂದು ತಪ್ಪನ್ನೂ ತೋರಿಸಿಕೊಟ್ಟಳು. ಉಷಾ ಬಹಳ ಮೆಚ್ಚಿಕೊಂಡರು. ದಸರಾ ಎಂದು ಅವರಿಗೂ ಗೊತ್ತಿತ್ತು, ಡ್ರಾಯರಿನಿಂದ ಕಾಜು ಕತ್ಲಿಯ ಡಬ್ಬಿ ತೆಗೆದು ಕೊಟ್ಟರು.

ಆ ಕೋಣೆಯಲ್ಲಿ ನಡೆದದ್ದನ್ನು ಅವ್ವ ಹೇಳಿದಂತೆ ಬರೆಯುತ್ತೇನೆ. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ.

“ಕೆಲಸ ಇಷ್ಟು ಚೆನ್ನಾಗಿ ಗೊತ್ತಿದೆ,” ಎಂದರು ಉಷಾ. “ಉಳಿದ ಆರು ಜನಕ್ಕೆ ಮನೆಯಿಂದ ಆಗುತ್ತದೆ. ನಿಮಗೊಬ್ಬರಿಗೇ ಯಾಕೆ ಆಗುವುದಿಲ್ಲ?”

ಮನೆಯ ವೈಫೈ ಸರಿಯಿಲ್ಲ ಎಂದು ಹೇಳಿಬಿಡುವುದು ಅವ್ವನಿಗೆ ಸುಲಭವಿತ್ತು. ಅವಳ ಕಡತದಲ್ಲಿ ಆ ಮಾತು ಆಗಲೇ ಇತ್ತು.

“ಅವರಿಗೂ ಆಗುವುದಿಲ್ಲ,” ಎಂದಳು. “ಅವರು ಡೇಟಾವನ್ನು ಮನೆಗೆ ಒಯ್ದು ಸ್ವಂತ ಮಷಿನ್ನಿನಲ್ಲಿ ಓಡಿಸುತ್ತಾರೆ.”

ಉಷಾ ಎದ್ದು ಗಾಜಿನ ಬಾಗಿಲು ಹಾಕಿದರು. ನಿಜವೇ ಎಂದು ಕೇಳಲಿಲ್ಲ. ಯಾರು ಎಂದೂ ಕೇಳಲಿಲ್ಲ.

“ಇದನ್ನು ಯಾರಿಗಾದರೂ ಬರೆದಿದ್ದೀರಾ?”

ಅವ್ವನ ಬಾಯಲ್ಲಿ ಕಾಜು ಕತ್ಲಿಯ ತುಂಡಿತ್ತು. ಅದನ್ನು ಟಿಶ್ಯೂ ಪೇಪರಿನಲ್ಲಿ ಉಗಿದು ಕೈಯಲ್ಲಿ ಮುದ್ದೆಮಾಡಿ ಹಿಡಿದುಕೊಂಡಳಂತೆ. ಇಲ್ಲ ಎಂದಳು. ಹಾಗಾದರೆ ಒಳ್ಳೆಯದು ಎಂದರು ಉಷಾ. ನಾಳೆಯೇ ಕಾಯಂ ಪತ್ರ ಕೊಡುತ್ತೇನೆ, ನಿಮ್ಮ ಮನೆಯ ಸಂಪರ್ಕ ಈ ಕೆಲಸಕ್ಕೆ ಸರಿಹೊಂದುವುದಿಲ್ಲ ಎಂದು ಬರೆಯೋಣ, ಸೋಮವಾರದಿಂದ ವಾರಕ್ಕೆ ಐದು ದಿನ ಇಲ್ಲಿಗೆ ಬನ್ನಿ ಎಂದರು. ಆ ಪಟ್ಟಿಯ ಒಂದು ಸಾಲು ತಿದ್ದಿದರೆ ಯಾರೂ ಡೇಟಾ ಒಯ್ಯಬೇಕಾಗಿಯೇ ಇಲ್ಲವಲ್ಲ ಎಂದು ಅವ್ವ ಕೇಳಿದಳು. ಉಷಾ ಮಗುವಿಗೆ ಹೇಳುವಂತೆ ನಿಧಾನವಾಗಿ ವಿವರಿಸಿದರು. ಪಟ್ಟಿ ತಿದ್ದಬೇಕಾದರೆ ಕಾರಣ ಬರೆಯಬೇಕು. ಕಾರಣ ಓದಿದವರು, ಎರಡು ವರ್ಷ ಕೆಲಸ ಹೇಗೆ ನಡೆಯಿತು ಎಂದು ಕೇಳುತ್ತಾರೆ.

“ಪಟ್ಟಿ ಹಾಗೇ ಇರಲಿ,” ಎಂದರು.

ಅವ್ವ ಮನೆ ಮುಟ್ಟಿದಾಗ ಸಂಜೆ ಆರೂ ಇಪ್ಪತ್ತು. ಪ್ರಮೋದ ಆಗಲೇ ಬಂದು ಅಜ್ಜಿಯೊಂದಿಗೆ ಕೂತಿದ್ದ. ವಿಜಯದಶಮಿಯ ಸಂಜೆ ಒಬ್ಬರಿಗೊಬ್ಬರು ಬನ್ನಿ ಕೊಡುವುದು ನಮ್ಮ ಕಡೆಯ ರೂಢಿ. ವರ್ಷದ ಜಗಳವೆಲ್ಲ ಆ ಎಲೆಯ ಜೊತೆ ಮುಗಿಯಿತು ಎಂದು ಲೆಕ್ಕ. ಇಲ್ಲಿ ಬನ್ನಿ ಮರ ಇಲ್ಲ. ರಸ್ತೆಬದಿಯ ಹನಿ ಲೋಕಸ್ಟ್ ಮರದ ಎಲೆಗಳು ಹಾಗೆಯೇ ಸಣ್ಣಗಿರುತ್ತವೆ, ಅಕ್ಟೋಬರಿನಲ್ಲಿ ಹಳದಿಯಾಗುತ್ತವೆ. ಎಲ್ಲರೂ ಅದನ್ನೇ ಕೊಡುತ್ತಾರೆ. ಪ್ರಮೋದ ಅಜ್ಜಿಗೆ ಎಲೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ, ಅವ್ವನ ಕಡೆ ತಿರುಗಿದ.

“ಉಷಾ ಫೋನ್ ಮಾಡಿದ್ರು, ವೈನಿ. ಎಲ್ಲಾ ಸುದ್ದ ಆತಲ್ಲ, ಪರ್ಮನೆಂಟ್ ಆತು. ಆದದ್ದು ಆಗಿ ಹೋತು. ಬನ್ನಿ ತಗೋರಿ.”

ಅವ್ವ ಕೈ ಚಾಚಲಿಲ್ಲ.

“ಹಬ್ಬದ ದಿನ ವೈನಿ. ವೈರಿಗಳೂ ತಗೋತಾರ.”

“ಮೊದಲ ಸತೀಶ ಅವರಿಗೆ ಕೊಟ್ಟು ಬಾ,” ಎಂದಳು ಅವ್ವ. “ಕೊಡೂ ಮುಂದ, ಅವರದು ಏನ್ ಓದಿದಿ ಅಂತ ಅವರ ಮುಂದ ಹೇಳು. ಅವರು ತಗೊಂಡ್ರ ನಾನೂ ತಗೋತೀನಿ.”

ಪ್ರಮೋದ ಎಲೆಗಳನ್ನು ಬೂಟಿನ ಸ್ಟ್ಯಾಂಡಿನ ಮೇಲಿಟ್ಟು ಹೊರಟ. ನಿಮಗೆ ಕೆಲಸ ಕೊಡಿಸಿದ್ದು ನನ್ನ ತಪ್ಪು ಎಂದು ಬಾಗಿಲಲ್ಲಿ ಹೇಳಿದ. ಹೌದು ಎಂದಳು ಅವ್ವ.

ದಶಮಿಯ ಬನ್ನಿ ಬೇಡವೆಂದದ್ದನ್ನು ಅಜ್ಜಿ ತನ್ನ ಎಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಆ ಹುಡುಗ ಏನು ಮಾಡಿದ ಎಂದು ಕೇಳಿದಳು. ಅವ್ವ ಸುರಂಗ, ಪಟ್ಟಿ, ನಂಬರು ಯಾವುದನ್ನೂ ಹೇಳಲಿಲ್ಲ.

“ಮಂದಿ ಔಷಧಿ ಚೀಟಿ ಕದ್ದು ಮನ್ಯಾಗ ಇಟ್ಕೊಂಡಾನ್ರಿ. ಓದಿ ನಗ್ತಾನ.”

ಅಜ್ಜಿ ತನ್ನ ಸೆರಗಿನಲ್ಲಿದ್ದ ಅವನ ಎಲೆಯನ್ನೂ ತೆಗೆದು, ಬೂಟಿನ ಸ್ಟ್ಯಾಂಡಿನ ಮೇಲಿದ್ದವನ್ನೂ ಬಾಚಿ, ಹೊರಗೆ ಹೋಗಿ ಚೆಲ್ಲಿ, ಕೈ ತೊಳೆದುಕೊಂಡು ಬಂದಳು.

ಅವ್ವ ಊಟದ ಮೇಜಿಗೆ ಕೂತು ಕಂಪನಿಯಲ್ಲಿ ಖಾಸಗಿ ಮಾಹಿತಿಯ ಕಾವಲಿಗೆಂದು ಇರುವ ಅಧಿಕಾರಿಗೆ ಪತ್ರ ಬರೆದಳು. ಸೆಪ್ಟೆಂಬರ್ ಏಳರಂದು ಕಂಡದ್ದು, ಅಕ್ಟೋಬರ್ ಎರಡರಂದು ಕೇಳಿದ್ದು, ಪಟ್ಟಿಯಲ್ಲಿ ತಿದ್ದಬೇಕಾದ ಸಾಲು. ಕೊನೆಗೆ, ಕಂಡದ್ದನ್ನು ತಾನು ಇಪ್ಪತ್ತೈದು ದಿನ ಮುಚ್ಚಿಟ್ಟೆ ಎಂಬುದು. ಆ ಸಾಲನ್ನು ಬಿಡಬಹುದಲ್ಲ ಎಂದೆ. ಬಿಟ್ಟರೆ ಉಳಿದದ್ದೂ ಹೊಲಸಾಗುತ್ತದೆ ಎಂದಳು. ಏಳೂವರೆಗೆ ಕಳಿಸಿದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಲ್ಯಾಪ್‌ಟಾಪ್ ಅವಳ ಪಾಸ್‌ವರ್ಡ್ ಒಪ್ಪಲಿಲ್ಲ. ಮಧ್ಯಾಹ್ನ ಅವಳ ಸ್ವಂತ ಇಮೇಲಿಗೆ ಎರಡು ಸಾಲಿನ ಪತ್ರ ಬಂತು: ಪರೀಕ್ಷೆಯ ಅವಧಿ ಇಂದಿಗೆ ಮುಗಿದಿದೆ, ಮುಂದುವರಿಸಲಾಗುವುದಿಲ್ಲ. ಅವಳು ಕಳಿಸಿದ ಪತ್ರದ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಅವ್ವ ಅದನ್ನು ಒಂದೇ ಸಲ ಓದಿದಳು. ಅಪ್ಪನಿಗೆ ಫೋನ್ ಮಾಡಿ ಹೇಳಿದಳು. ಗೋದಾಮಿನಲ್ಲಿ ಮತ್ತೆ ಕೇಳಿ ನೋಡುತ್ತೇನೆ ಎಂದೂ ಹೇಳಿದಳು.

ಶನಿವಾರ ಒಳರಸ್ತೆಗಳಲ್ಲೇ ಕಾರು ಓಡಿಸಿಕೊಂಡು, ಕನ್ನಡ ತರಗತಿ ನಡೆಯುವ ರಿಚ್ಮಂಡ್ ಹಿಲ್‌ಗೆ ಹೋದಳು. ನಾನೂ ಹೋದೆ. ತರಗತಿ ಶುರುವಾಗಲು ಹತ್ತು ನಿಮಿಷ ಇತ್ತು. ಸತೀಶ ಅವರು ಪಾರ್ಕಿಂಗಿನಲ್ಲಿ ತಮ್ಮ ಕಾರಿನ ಡಿಕ್ಕಿಯಿಂದ ಮಕ್ಕಳ ಪುಸ್ತಕ ಇಳಿಸುತ್ತಿದ್ದರು. ಅವ್ವ ಹತ್ತಿರ ಹೋಗಿ, ನಿಮ್ಮ ಔಷಧಿಯ ದಾಖಲೆಯನ್ನು ನೋಡಬಾರದವರು ನೋಡಿದ್ದಾರೆ ಎಂದಳು. ಪ್ರಾಂತ್ಯದಲ್ಲಿ ಇದಕ್ಕೆ ದೂರು ಕೊಡಲು ಕಚೇರಿ ಇದೆ, ಕೊಡುವ ಹಕ್ಕು ನಿಮ್ಮದು, ನಾನು ಸಾಕ್ಷಿ ಹೇಳುತ್ತೇನೆ ಎಂದಳು. ಅವರು ಪುಸ್ತಕಗಳನ್ನು ಎದೆಗೆ ಹಿಡಿದುಕೊಂಡೇ ಕೇಳಿದರು. ಅವರು ಮೈಸೂರಿನವರು, ಮಾತು ಮೆತ್ತಗೆ.

“ಏನು ನೋಡಿದ್ರಿ ಅಂತ ಹೇಳ್ಬೇಡಿ. ಯಾರ್ಯಾರು ನೋಡಿದ್ರಿ, ಅಷ್ಟು ಹೇಳಿ.”

“ಪ್ರಮೋದ. ನಾನು. ನನ್ನ ಮಗಳು. ಮತ್ಯಾರಿಗೆ ತೋರಿಸ್ಯಾನೋ ಗೊತ್ತಿಲ್ರಿ.”

ಅವರು ಡಿಕ್ಕಿ ಮುಚ್ಚಿದರು. ಒಳಗೆ ಮಕ್ಕಳು ಬೆಂಚು ಎಳೆಯುವ ಸದ್ದು ಕೇಳುತ್ತಿತ್ತು. ದೂರಿನ ಕಾಗದವನ್ನು ಮಂಗಳವಾರ ತನ್ನಿ, ಸಹಿ ಮಾಡುತ್ತೇನೆ ಎಂದು ಅವ್ವನ ಮುಖ ನೋಡದೆ ಹೇಳಿದರು. ಆಮೇಲೆ ಪುಸ್ತಕಗಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಯಾವಾಗಲೂ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಒಳಗೆ ಕರೆಯುವವರು, ಅವತ್ತು ಬಾಗಿಲನ್ನು ತಮ್ಮ ಹಿಂದೆ ಎಳೆದು ಮುಚ್ಚಿಕೊಂಡರು.